ಕಾರವಾರ: ಮಳೆ ಹಿಡಿದ ಮೇಲೆ ಹೂವಿನ ಗಡ್ಡೆಗಳು ಒಂದೊಂದಾಗಿ ಮಾಯ. ಯಾರ ಕೆಲಸ?

ಕೋಡಿಬಾಗದ ಅಂಗಳ | ಜೂನ್ 24, ರಾತ್ರಿ 9:40

ನಮ್ಮ ಮನೆ ಕಾರವಾರದ ಕೋಡಿಬಾಗದಲ್ಲಿ. ಅಂಗಳ ಸಣ್ಣದು. ಮಣ್ಣು ಮುಕ್ಕಾಲು ಉಸುಕು, ಅದರ ಮೇಲೆ ಒಂದು ಲಾರಿ ಕೆಂಪು ಮಣ್ಣು ಹೊಡೆಸಿದ್ದೇವೆ. ಪ್ರತಿ ವರ್ಷ ದಾಸವಾಳ, ಅಬ್ಬಲಿಗೆಯಲ್ಲೇ ಮುಗಿಯುತ್ತಿತ್ತು. ಈ ಸಲ ಹಟ ಹಿಡಿದು ಗಡ್ಡೆ ಹೂವು ಹಾಕಿದೆ. ಏಪ್ರಿಲ್ ಕೊನೆಗೆ 40 ಸುಗಂಧರಾಜ. ಆನ್‌ಲೈನಿನಲ್ಲಿ ತರಿಸಿದ ಅಮರಿಲ್ಲಿಸ್ 6. ಶಿರಸಿಯ ಚಿಕ್ಕಮ್ಮ ಕೊಟ್ಟ ಡೇರೆ, ಅಂದರೆ ಡೇಲಿಯಾ, 12. ಮೇ ತಿಂಗಳಿಡೀ ಎಲ್ಲ ನಳನಳಿಸುತ್ತಿದ್ದವು. ಬಂದವರೆಲ್ಲ ಹೊಗಳಿದರು. ಅದೇ ದೃಷ್ಟಿ ತಾಗಿತೋ ಏನೋ.

ಮಳೆ ಹಿಡಿದು ಹದಿನೈದು ದಿನ ಆಯಿತು. ಈಗ ಸುಗಂಧರಾಜ 17 ಉಳಿದಿವೆ. ಗರಿ ಹಳದಿಯಾಗಿ ವಾಲುತ್ತದೆ, ಎಳೆದರೆ ಸಲೀಸಾಗಿ ಕೈಗೆ ಬರುತ್ತದೆ, ಕೆಳಗೆ ಗಡ್ಡೆಯೇ ಇರುವುದಿಲ್ಲ. ಡೇರೆಯದು ಬೇರೆ ಕಥೆ. ಸಂಜೆ ಗೇಣುದ್ದ ಇದ್ದ ಕುಡಿ ಬೆಳಿಗ್ಗೆ ಇಲ್ಲ. ಅಮರಿಲ್ಲಿಸ್ ಎಲೆ ಜಾಲರಿ ಆಗಿದೆ. ಸುಗಂಧರಾಜದ ಬುಡದಲ್ಲಿ ಸಾಸಿವೆ ಕಾಳಿನಂಥ ಮೊಟ್ಟೆಗಳೂ ಸಿಕ್ಕವು.

ಹೆಗ್ಗಣದ ಕೆಲಸ ಅಂತ ನಮ್ಮ ಮನೆಯವರ ತೀರ್ಪು. ಪಾಷಾಣದ ಬಿಲ್ಲೆ ತಂದು ಇಟ್ಟಿದ್ದಾರೆ. ಮನೆಯಲ್ಲಿ ನಾಯಿ ಇದೆ, ನನಗೆ ಹೆದರಿಕೆ. ಹಾಕಲೋ ಬೇಡವೋ?

ಅಂಕೋಲಾ ರಿಕ್ಷಾ | ಜೂನ್ 24, ರಾತ್ರಿ 10:02

ಹಾಕಿ. ಹೆಗ್ಗಣವೇ. ನಮ್ಮಲ್ಲೂ ಹೀಗೇ ಆಗಿತ್ತು. ಎರಡು ಬಿಲ್ಲೆಗೆ ಮುಗಿಯಿತು.

ಮಾಸ್ತರು, ಕುಮಟಾ | ಜೂನ್ 24, ರಾತ್ರಿ 10:31

ಸ್ವಲ್ಪ ತಡೆಯಿರಿ ತಂಗಿ. ಮೂರು ಗಿಡಕ್ಕೆ ಮೂರು ತರಹದ ಗಾಯ ಆಗಿದೆ. ಕಳ್ಳ ಒಬ್ಬನೇ ಅಂತ ಹೇಗೆ ಹೇಳುತ್ತೀರಿ?

ಮೊದಲು ಸತ್ತ ಸುಗಂಧರಾಜದ ಬುಡ ಅಗೆದು ನೋಡಿ. ಗಡ್ಡೆಯ ಚೂರು ಏನಾದರೂ ಸಿಕ್ಕೇ ಸಿಗುತ್ತದೆ. ಕಂದು ಬಣ್ಣಕ್ಕೆ ತಿರುಗಿ ಮೆತ್ತಗಾಗಿ ನಾತ ಬರುತ್ತಿದ್ದರೆ ಅದು ಕೊಳೆತದ್ದು, ಯಾರೂ ತಿಂದದ್ದಲ್ಲ. ಗಟ್ಟಿ ಇದ್ದು ಹಲ್ಲಿನ ಗೀರು ಇದ್ದರೆ ಇಲಿ, ಹೆಗ್ಗಣ. ಹೆಗ್ಗಣ ಬಂದಿದ್ದರೆ ಬಿಲ ಇರುತ್ತದೆ, ಬಿಲದ ಬಾಯಲ್ಲಿ ಹೊಸ ಮಣ್ಣಿನ ಗುಡ್ಡೆ ಇರುತ್ತದೆ. ಒಳಗೊಳಗೇ ಕೊರೆದು ಪೊಳ್ಳಾಗಿದ್ದರೆ ಹುಳು.

ಡೇರೆಗೆ ಇಷ್ಟೂ ಬೇಡ. ರಾತ್ರಿ ಒಂಬತ್ತೂವರೆ ಮೇಲೆ, ಜಿಟಿಜಿಟಿ ಮಳೆ ಇರುವಾಗ, ಟಾರ್ಚ್ ಹಿಡಿದು ಅಂಗಳಕ್ಕೆ ಇಳಿಯಿರಿ. ಬಿಲ್ಲೆಯ ಮಾತು ಆಮೇಲೆ.

ಡೇರೆ ಅಕ್ಕ, ಶಿರಸಿ | ಜೂನ್ 25, ಬೆಳಿಗ್ಗೆ 6:15

ಮಾಸ್ತರು ಹೇಳಿದ್ದು ಸರಿ. ಕುಡಿ ಮಾತ್ರ ಹೋಗಿ ಬುಡ ಉಳಿದಿದೆ ಅಂದರೆ ಹೆಗ್ಗಣ ಅಲ್ಲ. ಅದು ಗಡ್ಡೆಗೇ ಬಾಯಿ ಹಾಕುತ್ತದೆ, ಕುಡಿ ಚಿವುಟಿ ಯಾಕೆ ತಿನ್ನುತ್ತದೆ?

ಡೇರೆ ಹೋಯಿತು ಅಂತ ಅಳಬೇಡಿ. ಗಡ್ಡೆಯ ಕುತ್ತಿಗೆ ಗಟ್ಟಿ ಇದ್ದರೆ ಮತ್ತೆ ಎರಡು ಕುಡಿ ಒಡೆಯುತ್ತದೆ. ಹೂವು ಇಪ್ಪತ್ತು ದಿನ ತಡ ಆಗಬಹುದು, ಅಷ್ಟೇ.

ಅಂಕೋಲಾ ರಿಕ್ಷಾ | ಜೂನ್ 25, ಬೆಳಿಗ್ಗೆ 7:48

ಟಾರ್ಚ್ ಹಿಡಿದು ಹೋದರೆ ಹೆಗ್ಗಣ ನಿಂತು ನಮಸ್ಕಾರ ಮಾಡುತ್ತದಾ?

ತೋಟಗಾರಿಕೆ ವಿದ್ಯಾರ್ಥಿ | ಜೂನ್ 25, ಮಧ್ಯಾಹ್ನ 1:20

ಅಂಗಳದ ಅಕ್ಕ, ಆ ಸಾಸಿವೆ ಕಾಳು ಮೊಟ್ಟೆಯಲ್ಲ ಅಂತ ನನ್ನ ಅಂದಾಜು. ಗಿಡದ ಬುಡದಲ್ಲಿ ಹತ್ತಿಯ ಎಳೆಯಂಥ ಬಿಳಿ ಬೂಷ್ಟು ಇದೆಯಾ ನೋಡಿ. ಇದ್ದರೆ ಅದು ಸ್ಕ್ಲೆರೋಷಿಯಂ ಅನ್ನುವ ಶಿಲೀಂಧ್ರ. ಆ ಕಾಳುಗಳು ಅದರ ಬೀಜ ಇದ್ದ ಹಾಗೆ. ಮೊದಲು ಬೆಳ್ಳಗೆ ಇರುತ್ತವೆ, ಆಮೇಲೆ ಕಂದು ಆಗುತ್ತವೆ. ಸೆಕೆ ಮತ್ತು ತೇವ ಎರಡೂ ಸೇರಿದರೆ ಅದಕ್ಕೆ ಹಬ್ಬ. ಸುಗಂಧರಾಜಕ್ಕೆ ಇದು ಹಳೇ ಶತ್ರು. ಮಣ್ಣಿನಲ್ಲಿ ವರ್ಷಗಟ್ಟಲೆ ಕಾಯುತ್ತಾ ಕೂತಿರುತ್ತದೆ.

ಬಸವನಹುಳುವಿನ ಮೊಟ್ಟೆ ಹಾಗಿರುವುದಿಲ್ಲ. ದೊಡ್ಡ ಆಫ್ರಿಕನ್ ಬಸವನಹುಳುವಿನದಾದರೆ ಕೆನೆ ಬಣ್ಣ, ಜೋಳದ ಕಾಳಿನ ಹತ್ತಿರದ ಗಾತ್ರ, ನೂರಕ್ಕೂ ಜಾಸ್ತಿ ಒಟ್ಟಿಗೆ ಇರುತ್ತವೆ.

ಈಗ ಮಾಡುವ ಕೆಲಸ ಇಷ್ಟು. ಹೋದ ಗಿಡವನ್ನು ಸುತ್ತಲಿನ ಒಂದು ಬೊಗಸೆ ಮಣ್ಣಿನ ಸಮೇತ ತೆಗೆಯಿರಿ. ಗೊಬ್ಬರದ ಗುಂಡಿಗೆ ಹಾಕಲೇಬೇಡಿ, ಮನೆ ತುಂಬ ಹಬ್ಬುತ್ತದೆ. ಉಳಿದ 17 ಗಿಡದ ಬುಡಕ್ಕೆ ಬೇವಿನ ಹಿಂಡಿ ಜೊತೆ ಟ್ರೈಕೋಡರ್ಮಾ ಅನ್ನುವ ಉಪಕಾರಿ ಶಿಲೀಂಧ್ರ ಕೊಡಿ. ಬರುವ ಏಪ್ರಿಲ್‌ನಲ್ಲಿ ಆ ಜಾಗಕ್ಕೆ ನೀರು ಹನಿಸಿ, ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಮುಚ್ಚಿ, ಅಂಚಿಗೆ ಮಣ್ಣು ಹಾಕಿ, ಒಂದೂವರೆ ತಿಂಗಳು ಬಿಸಿಲಿಗೆ ಬೇಯಿಸಿ. ಕಪ್ಪು ಹಾಳೆ ಬೇಡ, ಪಾರದರ್ಶಕವೇ ಜಾಸ್ತಿ ಕಾಯುತ್ತದೆ.

ಮಾಸ್ತರು, ಕುಮಟಾ | ಜೂನ್ 25, ಮಧ್ಯಾಹ್ನ 3:05

ತಮ್ಮ ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ಸುಗಂಧರಾಜ, ಡೇರೆ ಎರಡೂ ಮೆಕ್ಸಿಕೋದವು. ಡೇಲಿಯಾ ನಮ್ಮವರ ಬಾಯಲ್ಲಿ ಡೇರೆ ಆಗಿ ಎಷ್ಟೋ ಕಾಲವಾಯಿತು. 1963ರಿಂದ ಅದು ಆ ದೇಶದ ರಾಷ್ಟ್ರೀಯ ಹೂವು. ಅಲ್ಲಿ ಅದು ಗುಡ್ಡದ ಇಳಿಜಾರಿನ ಗಿಡ. ಬಿದ್ದ ನೀರು ನಿಲ್ಲದೆ ಹರಿದುಹೋಗುವ ಜಾಗ. ಅಂಥ ಗಿಡವನ್ನು ತಂದು ಮೂರು ಸಾವಿರ ಮಿಲಿಮೀಟರ್ ಹತ್ತಿರ ಮಳೆ ಸುರಿಯುವ ಕರಾವಳಿಯ ಸಪಾಟು ಅಂಗಳದಲ್ಲಿ ಹೂತಿದ್ದೇವೆ. ಹಾಗಾಗಿ ನಮ್ಮಲ್ಲಿ ಗಡ್ಡೆಯ ಮೊದಲ ಶತ್ರು ನೀರು. ಹುಳ, ಇಲಿ ಎಲ್ಲ ಆಮೇಲೆ ಬರುವವು.

ಉಸುಕು ಇದ್ದರೂ ನೀರು ನಿಲ್ಲುವುದು ಯಾಕೆ ಅಂತ ಕೇಳಬಹುದು. ಮಳೆಗಾಲದಲ್ಲಿ ಕೋಡಿಬಾಗದಂಥ ತಗ್ಗಿನಲ್ಲಿ ಬಾವಿ ನೀರು ಎಲ್ಲಿಗೆ ಬಂದಿರುತ್ತದೆ ಅಂತ ಒಮ್ಮೆ ಬಗ್ಗಿ ನೋಡಿ.

ಕೋಡಿಬಾಗದ ಅಂಗಳ | ಜೂನ್ 27, ರಾತ್ರಿ 11:10

ಈಗಷ್ಟೇ ಒಳಗೆ ಬಂದೆ, ಸೀರೆ ತುದಿ ಇನ್ನೂ ಒದ್ದೆ.

ಒಂದು, ಬಾವಿ ನೀರಿಗೆ ಕೈಯಲ್ಲೇ ಚೊಂಬು ಮುಳುಗಿಸಬಹುದು. ಮಾಸ್ತರಿಗೆ ನಮಸ್ಕಾರ.

ಎರಡು, ಸುಗಂಧರಾಜದ ಬುಡದಲ್ಲಿ ಬಿಳಿ ಎಳೆ ಇದೆ. ಗಡ್ಡೆ ಬೆಲ್ಲದ ಪಾಕದ ಹಾಗೆ ಆಗಿದೆ. ನಾತ ಹೇಳುವುದೇ ಬೇಡ.

ಮೂರು, ಡೇರೆ ಮೇಲೆ ಸಿಕ್ಕಿದ್ದು ಹೆಗ್ಗಣ ಅಲ್ಲ. ಬೆರಳುದ್ದ, ಕಪ್ಪಗೆ, ಚಪ್ಪಟೆ, ಹಳೇ ಚಪ್ಪಲಿಯ ಚರ್ಮದ ತುಂಡಿನ ಹಾಗೆ. ಚಿಪ್ಪಿಲ್ಲ. ಒಂದೇ ಕುಡಿಯ ಮೇಲೆ ನಾಲ್ಕು! ಒಟ್ಟು 31 ಹೆಕ್ಕಿದೆ. ಮನೆಯವರು ಕೊಡೆ ಹಿಡಿದು ನಿಂತಿದ್ದರು, ಬಿಲ್ಲೆಯ ಬಗ್ಗೆ ಮಾತಾಡಲಿಲ್ಲ.

ನಾಲ್ಕು, ಅಮರಿಲ್ಲಿಸ್ ಎಲೆ ಅಡಿಯಲ್ಲಿ ಕಪ್ಪು ಹುಳುಗಳು. ಬಿಳಿ ಚುಕ್ಕೆ, ಅಲ್ಲಲ್ಲಿ ಕೆಂಪು. ನೋಡಲು ಚಂದವೇ ಇವೆ. ಏನಿವು?

ತೋಟಗಾರಿಕೆ ವಿದ್ಯಾರ್ಥಿ | ಜೂನ್ 27, ರಾತ್ರಿ 11:34

ಲಿಲ್ಲಿ ಹುಳು. ಶಾಸ್ತ್ರೀಯ ಹೆಸರು ಪಾಲಿಟೆಲಾ ಗ್ಲೋರಿಯೋಸೆ. ಗೌರಿ ಹೂವಿನ ಬಳ್ಳಿಯ ಹೆಸರಿನಿಂದಲೇ ಆ ಹೆಸರು ಬಂದಿದೆ. ಆ ಬಳ್ಳಿಯಲ್ಲಿ ಮನುಷ್ಯನನ್ನೇ ಕೊಲ್ಲುವ ವಿಷ ಇದೆ, ಈ ಹುಳು ಅದನ್ನು ಎಲೆಕೋಸಿನ ಹಾಗೆ ತಿನ್ನುತ್ತದೆ. ಅಮರಿಲ್ಲಿಸ್, ಮಳೆ ಲಿಲ್ಲಿ, ಕ್ರೈನಂ ಯಾವುದನ್ನೂ ಬಿಡುವುದಿಲ್ಲ.

ತಾಯಿ ಪತಂಗ ಮೊಟ್ಟೆಗಳನ್ನು ಎಲೆ ಮೇಲೆ ಗುಂಪಾಗಿ ಇಡುತ್ತದೆ. ಮರಿಗಳು ಮೊದಲ ಕೆಲವು ದಿನ ಒಟ್ಟಿಗೇ ಮೇಯುತ್ತವೆ. ಆಗ ಸಿಕ್ಕರೆ ಒಂದು ಎಲೆ ಕತ್ತರಿಸಿದರೆ ಮುಗಿಯಿತು. ಬಲಿತ ಮೇಲೆ ಚದುರುತ್ತವೆ. ಎಲೆ ಮುಗಿದರೆ ಕುತ್ತಿಗೆಯಿಂದ ಗಡ್ಡೆಯ ಒಳಗೂ ಇಳಿಯುತ್ತವೆ. ಆಮೇಲೆ ಮಣ್ಣಿಗಿಳಿದು ಕೋಶ ಕಟ್ಟುತ್ತವೆ. ಕೈಯಲ್ಲಿ ಹೆಕ್ಕಿ ಸಾಬೂನು ನೀರಿಗೆ ಹಾಕಿ. ಬೇವಿನ ಎಣ್ಣೆ ಲೀಟರಿಗೆ 5 ಮಿಲಿ, ಸ್ವಲ್ಪ ಸಾಬೂನು ಸೇರಿಸಿ ಹೊಡೆಯುತ್ತಾರೆ. ಆದರೆ ಜೂನ್ ಮಳೆಯಲ್ಲಿ ಹೊಡೆದ ಎಣ್ಣೆ ಗಿಡಕ್ಕಿಂತ ಮೊದಲು ಚರಂಡಿ ಸೇರುತ್ತದೆ. ಎರಡು ದಿನ ಬಿಡುವು ಸಿಕ್ಕಾಗ ಮಾತ್ರ ಹೊಡೆಯಿರಿ.

ಎಲೆ ಪೂರ್ತಿ ಹೋದರೂ ಗಡ್ಡೆ ಕೀಳಬೇಡಿ. ಗಟ್ಟಿ ಇದ್ದರೆ ಚಿಗುರುತ್ತದೆ. ಒಂದು ವರ್ಷ ಹೂವು ಬಿಡದೇ ಇರಬಹುದು.

ಹೊನ್ನಾವರ ಹೊಯ್ಗೆ | ಜೂನ್ 28, ಬೆಳಿಗ್ಗೆ 10:05

ಆ ಕಪ್ಪು ಚರ್ಮದವನ, ಅಂದರೆ ಚಿಪ್ಪಿಲ್ಲದ ಬಸವನಹುಳುವಿನ ಬಗ್ಗೆ ನಾನು ಹೇಳುತ್ತೇನೆ. ಆರು ಮಳೆಗಾಲ ಅವನ ಜೊತೆ ಕಳೆದಿದ್ದೇನೆ.

ಮೊದಲು, ಇಂಟರ್ನೆಟ್ಟಿನಲ್ಲಿ ಬರುವ ಉಪಾಯಗಳನ್ನು ಮರೆಯಿರಿ. ಬೂದಿ ಸುರಿಯಿರಿ, ಮೊಟ್ಟೆ ಸಿಪ್ಪೆ ಪುಡಿ ಮಾಡಿ, ಕಾಫಿ ಚರಟ ಹಾಕಿ ಅನ್ನುತ್ತಾರೆ. ಒಣಗಿದ್ದಾಗ ಅದಕ್ಕೆಲ್ಲ ಅರ್ಥ ಇದೆ. ನಮ್ಮ ಕಡೆ ಬೆಳಿಗ್ಗೆ ಹಾಕಿದ ಬೂದಿ ಹತ್ತು ಗಂಟೆಗೆ ಕೆಸರು. ಸುಣ್ಣವೂ ಅಷ್ಟೇ. ಉಪ್ಪನ್ನಂತೂ ಮಣ್ಣಿಗೆ ಹಾಕಲೇಬೇಡಿ, ಹುಳುವಿಗಿಂತ ಮೊದಲು ಗಿಡ ಸಾಯುತ್ತದೆ.

ಕೆಲಸ ಮಾಡುವುದು ಗೆರಟೆ. ತೆಂಗಿನ ಗೆರಟೆಯನ್ನು ಕವುಚಿ ಹಾಕಿ, ಒಂದು ಅಂಚಿಗೆ ಸಣ್ಣ ಕಲ್ಲು ಕೊಟ್ಟು ಎತ್ತಿ ಇಡಿ. ಒಳಗೆ ಸೌತೆಕಾಯಿ ಸಿಪ್ಪೆ. ಬೆಳಿಗ್ಗೆ ಆರು ಗಂಟೆಗೆ ಗೆರಟೆ ಎತ್ತಿ ನೋಡಿ, ಮನೆ ಮಂದಿಯೆಲ್ಲ ಅಲ್ಲೇ ಮಲಗಿರುತ್ತಾರೆ. ದೊಡ್ಡ ಶಂಖದ ಹುಳುವಿಗೆ, ಅಂದರೆ ಆ ಆಫ್ರಿಕನ್ ಬಸವನಹುಳುವಿಗೆ, ಗೆರಟೆ ಸಾಲದು. ಒದ್ದೆ ಗೋಣಿಚೀಲದ ಅಡಿಯಲ್ಲಿ ಪಪ್ಪಾಯಿ ಎಲೆ ಹಾಕಿಡಿ. ಸಿಕ್ಕಿದ್ದನ್ನು ಬಕೆಟ್ಟಿನ ಉಪ್ಪುನೀರಿಗೆ ಹಾಕಿ ಮುಗಿಸಿ, ಆಮೇಲೆ ಆಳವಾಗಿ ಹೂಳಿ. ಪಕ್ಕದ ಮನೆ ಕಂಪೌಂಡಿಗೆ ಎಸೆದರೆ ಎರಡು ರಾತ್ರಿಯಲ್ಲಿ ವಾಪಸ್ ಬರುತ್ತವೆ. ಇದು ನನ್ನ ಅನುಭವ, ಪಕ್ಕದ ಮನೆಯವರ ಅನುಭವವೂ ಹೌದು.

ಬರಿಗೈಯಲ್ಲಿ ಮುಟ್ಟಬೇಡಿ. ಇವುಗಳ ಮೈಯಲ್ಲಿ ಮನುಷ್ಯರ ಮಿದುಳಿಗೆ ತೊಂದರೆ ಕೊಡುವ ಸಣ್ಣ ಹುಳು ಇರಬಹುದು. ಕೈಗವಸು ಇಲ್ಲದಿದ್ದರೆ ಇಕ್ಕಳ. ಅದೇ ಅಂಗಳದ ಹರಿವೆ, ಬಸಳೆಯನ್ನು ಚೆನ್ನಾಗಿ ತೊಳೆದು ಬೇಯಿಸಿಯೇ ತಿನ್ನಿ.

ಬಿಯರ್ ಇಟ್ಟರೆ ಬರುತ್ತವೆ ಅನ್ನುವುದು ನಿಜ. ಅದರ ಹುಳಿ ವಾಸನೆಗೆ ಬಂದು ಬಿದ್ದು ಸಾಯುತ್ತವೆ. ನಾನು ಹುಳಿ ಬಂದ ದೋಸೆ ಹಿಟ್ಟಿಗೆ ನೀರು, ಸ್ವಲ್ಪ ಸಕ್ಕರೆ ಹಾಕಿ ಇಟ್ಟೆ. ಅದಕ್ಕೂ ಬಂದವು.

ಅಂಕೋಲಾ ರಿಕ್ಷಾ | ಜೂನ್ 28, ಬೆಳಿಗ್ಗೆ 10:22

ಕಾರವಾರದವರಿಗೆ ಗೋವಾ ಪಕ್ಕದಲ್ಲೇ ಇದೆ. ಬಿಯರ್ ತರುವುದು ಸುಲಭ. ಮಾಜಾಳಿ ಚೆಕ್‌ಪೋಸ್ಟಿನಲ್ಲಿ "ಬಸವನಹುಳುವಿಗೆ ಸ್ವಾಮಿ" ಅಂದರೆ ನಂಬಬೇಕಲ್ಲ.

ಮಾಸ್ತರು, ಕುಮಟಾ | ಜೂನ್ 28, ಮಧ್ಯಾಹ್ನ 12:40

ಆ ದೊಡ್ಡ ಶಂಖದ ಹುಳು ನಮ್ಮ ದೇಶದ್ದಲ್ಲ. 1847ರಲ್ಲಿ ಒಬ್ಬ ಬ್ರಿಟಿಷ್ ಮಹಾಶಯ ಮಾರಿಷಸ್‌ನಿಂದ ಕೋಲ್ಕತ್ತಾಕ್ಕೆ ತಂದ, ಅಲ್ಲಿ ಅದು ತೋಟ ಸೇರಿತು. ಅದನ್ನು ಹಿಡಿದು ತಿನ್ನುವ ನಮ್ಮ ಹಕ್ಕಿ ಒಂದಿದೆ, ಕೆಂಬೂತ. ಬೇಲಿಯ ಪೊದೆಯನ್ನೆಲ್ಲ ಸವರಿ ಸಿಮೆಂಟ್ ಗೋಡೆ ಕಟ್ಟಿದ ಮನೆಗೆ ಅದು ಬರುವುದಿಲ್ಲ. ಇನ್ನೊಂದು, ಮಿಂಚುಹುಳದ ಮರಿಗಳು. ಅವುಗಳ ಊಟವೇ ಬಸವನಹುಳು. ಅಂಗಳದಲ್ಲಿ ರಾತ್ರಿಯಿಡೀ ಫೋಕಸ್ ಲೈಟ್ ಉರಿಸಿದರೆ ಮಿಂಚುಹುಳಗಳಿಗೆ ಜೋಡಿಯೇ ಸಿಗುವುದಿಲ್ಲ. ಆಮೇಲೆ ಮರಿ ಎಲ್ಲಿಂದ?

ಸಿದ್ದಾಪುರ ತೋಟ | ಜೂನ್ 29, ರಾತ್ರಿ 8:50

ನೀವೆಲ್ಲ ಪುಣ್ಯವಂತರು ಮಾರಾಯರೆ. ಬಸವನಹುಳು, ಚಿಟ್ಟೆ ಮರಿ ಅಂತ ಮಾತಾಡುತ್ತಿದ್ದೀರಿ. ನಮ್ಮಲ್ಲಿಗೆ ಬರುವವರು ನಾಲ್ಕು ಕಾಲಿನವರು.

ಎರಡು ವರ್ಷದ ಹಿಂದೆ ನಮ್ಮ ಮನೆಯವಳು ಅಂಗಳದ ಕೆಳಗೆ ಸುರುಳಿ ಹೂವು, ಕಾಬಾಳೆ, ಡೇರೆ ಮೂರು ಸಾಲು ಹಾಕಿದ್ದಳು. ಒಂದು ಬೆಳಿಗ್ಗೆ ಎದ್ದು ನೋಡಿದರೆ ಯಾರೋ ಹೂಟಿ ಹೊಡೆದ ಹಾಗಿತ್ತು. ಕಾಡುಹಂದಿ. ಹಂದಿ ಬಂದದ್ದು ಎರೆಹುಳಕ್ಕೆ, ಗೊಬ್ಬರದ ಹುಳುವಿಗೆ. ಹೂವಿನ ಗಡ್ಡೆ ಅಡ್ಡ ಸಿಕ್ಕಿತು, ಅಷ್ಟೇ. ಹಸಿ ಸಗಣಿ ಗೊಬ್ಬರ ಹಾಕಿದ್ದೇ ತಪ್ಪು. ಪೂರ್ತಿ ಕಳಿತ ಗೊಬ್ಬರ ಹಾಕಿದ ಮೇಲೆ ಆ ಕಡೆ ಬರುವುದು ಕಡಿಮೆ ಆಯಿತು.

ಮುಳ್ಳುಹಂದಿಯ ಕಥೆ ಹಾಗಲ್ಲ. ಅದು ಗಡ್ಡೆಗೇ ಬರುತ್ತದೆ. ಒಂದೊಂದೇ ಬುಡ ಅಚ್ಚುಕಟ್ಟಾಗಿ ತೋಡಿ, ಡೇರೆ ಗಡ್ಡೆ ತಿಂದು, ಎರಡು ಮುಳ್ಳು ಬಿಟ್ಟು ಹೋಗುತ್ತದೆ, ರಶೀದಿ ಕೊಟ್ಟ ಹಾಗೆ. ಆದರೆ ಪಕ್ಕದ ಸ್ಪೈಡರ್ ಲಿಲ್ಲಿ ಮುಟ್ಟಲಿಲ್ಲ. ಮಳೆ ಲಿಲ್ಲಿಯನ್ನೂ ಮುಟ್ಟಲಿಲ್ಲ.

ಈಗ ನಾನು ಮಾಡಿದ್ದು: ಹಣ್ಣಿನ ಅಂಗಡಿಯ ಹಳೇ ಪ್ಲಾಸ್ಟಿಕ್ ಕ್ರೇಟ್‌ಗಳನ್ನು ನೆಲದಲ್ಲಿ ಮುಕ್ಕಾಲು ಹೂತು, ತಳಕ್ಕೂ ಮೇಲಕ್ಕೂ ಅರ್ಧ ಇಂಚಿನ ತಂತಿ ಬಲೆ ಕೊಟ್ಟು, ಒಳಗೆ ಡೇರೆ. ಕುಡಿ ಬಲೆಯಿಂದ ಮೇಲೆ ಬರುತ್ತದೆ. ಬುಡ ದಪ್ಪ ಆಗುವ ಮೊದಲು ಆ ಕಣ್ಣನ್ನು ಕತ್ತರಿಸಿ ದೊಡ್ಡದು ಮಾಡಬೇಕು. ಸುತ್ತ ಸ್ಪೈಡರ್ ಲಿಲ್ಲಿ ಒಂದು ಸಾಲು. ಹೊರಗೆ ಹಳೇ ಸೀರೆಯ ಬೇಲಿ. ಸೀರೆಗೆ ಹಂದಿ ಹೆದರುತ್ತದೋ ಇಲ್ಲವೋ, ದೂರದಿಂದ ನೋಡಲು ಮದುವೆ ಮನೆ ಹಾಗೆ ಕಾಣುತ್ತದೆ.

ಕರೆಂಟು ಬಿಡುವುದು, ಸಿಡಿಮದ್ದು ಇಡುವುದು ಬೇಡ. ಕಾನೂನೂ ಬಿಡುವುದಿಲ್ಲ, ಮೊದಲು ಸಿಕ್ಕಿಬೀಳುವುದು ನಮ್ಮದೇ ದನ, ನಮ್ಮದೇ ಮಕ್ಕಳು.

ಮಂಗನಿಗೆ ಔಷಧ ಯಾರಿಗಾದರೂ ಗೊತ್ತಿದ್ದರೆ ಹೇಳಿ.

ಡೇರೆ ಅಕ್ಕ, ಶಿರಸಿ | ಜೂನ್ 29, ರಾತ್ರಿ 9:15

ಮಂಗನಿಗೆ ಔಷಧ ಇಲ್ಲ. ಮುಂದಿನ ಪ್ರಶ್ನೆ.

ತೋಟಗಾರಿಕೆ ವಿದ್ಯಾರ್ಥಿ | ಜೂನ್ 29, ರಾತ್ರಿ 9:42

ಸ್ಪೈಡರ್ ಲಿಲ್ಲಿ ಮುಟ್ಟದಿರುವುದಕ್ಕೆ ಕಾರಣ ಇದೆ. ಸ್ಪೈಡರ್ ಲಿಲ್ಲಿ, ಮಳೆ ಲಿಲ್ಲಿ, ಅಮರಿಲ್ಲಿಸ್, ಫುಟ್‌ಬಾಲ್ ಲಿಲ್ಲಿ ಎಲ್ಲ ಒಂದೇ ಕುಟುಂಬ. ಇವುಗಳ ಗಡ್ಡೆಯಲ್ಲಿ ಲೈಕೋರಿನ್ ಅನ್ನುವ ಕಹಿ ವಿಷ ಇದೆ. ತಿಂದರೆ ವಾಂತಿ. ಡೇರೆಯಲ್ಲಿ ಹಾಗೇನೂ ಇಲ್ಲ, ಅದು ಗೆಣಸಿನ ಹಾಗೆ.

ಮಾಸ್ತರು, ಕುಮಟಾ | ಜೂನ್ 30, ಬೆಳಿಗ್ಗೆ 7:30

ವಿಷದ ಮಾತು ಬಂತು, ಹಾಗಾಗಿ ಗೌರಿ ಹೂವಿನ ವಿಷಯ ಹೇಳಿಬಿಡುತ್ತೇನೆ. ನಮ್ಮ ಬೇಲಿಯಲ್ಲಿ ತಾನಾಗಿ ಬರುವ ಬಳ್ಳಿ. ಮಳೆಗಾಲದಲ್ಲಿ ಬೆಂಕಿಯ ನಾಲಿಗೆಯಂಥ ಹೂವು. ಚೌತಿ ಹಬ್ಬದ ಹೊತ್ತಿಗೆ ಮಕ್ಕಳೆಲ್ಲ ಕೊಯ್ಯಲು ಓಡುತ್ತಾರೆ. ಅದರ ಗಡ್ಡೆಯಲ್ಲಿ ಕೋಲ್ಚಿಸಿನ್ ಅನ್ನುವ ವಿಷ ಇದೆ. ಗೆಣಸು ಅಂತ ತಪ್ಪು ತಿಳಿದು ತಿಂದು ಸತ್ತವರಿದ್ದಾರೆ. ಜೋಯಿಡಾದ ಕುಣಬಿ ಜನರ ಹಾಗೆ ಗಡ್ಡೆಯ ಗುರುತು ಬಲ್ಲವರಿಗೆ ಮೋಸವಿಲ್ಲ. ನಮ್ಮ ನಿಮ್ಮಂಥವರು ಅದನ್ನು ತಿನ್ನುವ ಗಡ್ಡೆಗಳ ಪಕ್ಕ ಎಂದೂ ಇಡಬಾರದು.

ಹೂವಿಗಾಗಿ ನೆಡುವವರು ಗಮನಿಸಿ. ಗಡ್ಡೆ ಕೊಕ್ಕೆಯ ಹಾಗೆ ಇರುತ್ತದೆ. ತುದಿಯಲ್ಲಿ ಮಾತ್ರ ಮೊಳಕೆ. ತುದಿ ಮುರಿದರೆ ಮುಗಿಯಿತು. ನನ್ನ ಮೊಮ್ಮಗ ಐದು ಗಡ್ಡೆಯ ತುದಿಯನ್ನು "ಚೂಪಾಗಿದೆ, ಚುಚ್ಚುತ್ತದೆ" ಅಂತ ಮುರಿದು ಇಟ್ಟಿದ್ದ.

ಬೆಂಗಳೂರು ಬಾಲ್ಕನಿ | ಜುಲೈ 2, ರಾತ್ರಿ 11:58

ಮೂಲ ಯಲ್ಲಾಪುರ, ಈಗ ಬೆಂಗಳೂರು. ಊರಿನ ಮನೆಗೆ ಟುಲಿಪ್ ಹಾಕೋಣ ಅಂತ 20 ಗಡ್ಡೆ ಆರ್ಡರ್ ಮಾಡಿದ್ದೇನೆ. ಮಳೆಯಲ್ಲಿ ನೆಡಬಹುದಾ?

ತೋಟಗಾರಿಕೆ ವಿದ್ಯಾರ್ಥಿ | ಜುಲೈ 3, ಬೆಳಿಗ್ಗೆ 8:10

ಅಣ್ಣ, ದುಡ್ಡು ವಾಪಸ್ ಕೇಳಿ. ಟುಲಿಪ್‌ಗೆ ಮೂರು ತಿಂಗಳ ಹತ್ತಿರ ಗಟ್ಟಿ ಚಳಿ ಬೇಕು. ಆ ಚಳಿ ಸಿಗದಿದ್ದರೆ ಒಳಗಿನ ಮೊಗ್ಗು ಏಳುವುದಿಲ್ಲ. ಶ್ರೀನಗರದಲ್ಲಿ 2007ರಲ್ಲಿ ಶುರುವಾದ ದೊಡ್ಡ ಟುಲಿಪ್ ತೋಟ ಇದೆ, ಅಲ್ಲಿ ಹಿಮವೇ ಆ ಕೆಲಸ ಮಾಡುತ್ತದೆ. ಫ್ರಿಜ್ಜಿನಲ್ಲಿಟ್ಟು ಕುಂಡದಲ್ಲಿ ಒಂದು ಸಲ ಹೂವು ನೋಡಬಹುದು. ಮುಂದಿನ ವರ್ಷಕ್ಕೆ ಅದೇ ಗಡ್ಡೆ ಕೆಲಸಕ್ಕೆ ಬರುವುದಿಲ್ಲ. ಅದೇ ಫ್ರಿಜ್ಜಿನಲ್ಲಿ ಸೇಬು, ಬಾಳೆಹಣ್ಣು ಇಡಬಾರದು. ಹಣ್ಣಿನಿಂದ ಬರುವ ಎಥಿಲೀನ್ ಅನಿಲಕ್ಕೆ ಮೊಗ್ಗು ಒಳಗೇ ಸಾಯುತ್ತದೆ.

ಡೇರೆ ಅಕ್ಕ, ಶಿರಸಿ | ಜುಲೈ 3, ಬೆಳಿಗ್ಗೆ 8:44

ಯಲ್ಲಾಪುರದ ಮಗ ಟುಲಿಪ್ ಕೇಳುತ್ತಾನೆ! ನಿನ್ನ ಅಮ್ಮನನ್ನು ಕೇಳಪ್ಪ, ಮನೆ ಹಿಂದೆ ಭೂಚಂಪಕ ಇದ್ದೇ ಇರುತ್ತದೆ. ಬೇಸಿಗೆಯಲ್ಲಿ ಎಲೆಗಿಂತ ಮೊದಲು ನೆಲದಿಂದಲೇ ಹೂವು ಏಳುತ್ತದಲ್ಲ, ಅದು. ಫುಟ್‌ಬಾಲ್ ಲಿಲ್ಲಿ ಹಾಕು, ಮೇ ತಿಂಗಳ ಮೊದಲ ಮಳೆಗೆ ಕೆಂಪು ಚೆಂಡು ಎದ್ದು ನಿಲ್ಲುತ್ತದೆ. ಅದೂ ಆಫ್ರಿಕಾದಿಂದ ಬಂದಿದ್ದೇ, ಆದರೆ ನಮ್ಮ ಮಳೆಗೆ ಹೊಂದಿಕೊಂಡಿದೆ. ಫ್ರಿಜ್ಜು ಹಲಸಿನ ತೊಳೆಗೆ ಇರಲಿ.

ಕೋಡಿಬಾಗದ ಅಂಗಳ | ಜುಲೈ 9, ಸಂಜೆ 5:30

ಗೆರಟೆ ಉಪಾಯ ನಡೆಯಿತು. ಮೊದಲ ದಿನ 22, ಇವತ್ತು 3. ಡೇರೆಯಲ್ಲಿ 9 ಮತ್ತೆ ಚಿಗುರಿವೆ. ಆದರೆ ಮೂರಕ್ಕೆ ಕುಡಿಯೇ ಇಲ್ಲ, ಅಗೆದು ನೋಡಿದರೆ ಗಡ್ಡೆ ಗಟ್ಟಿ ಇದೆ. ಯಾಕೆ?

ಬಿಲ್ಲೆ ಅಂಗಡಿಗೆ ವಾಪಸ್ ಹೋಯಿತು. ಅಂಗಡಿಯವನು ದುಡ್ಡು ಕೊಡಲಿಲ್ಲ, ಬದಲಿಗೆ ಸೊಳ್ಳೆ ಬತ್ತಿ ಕೊಟ್ಟ.

ಡೇರೆ ಅಕ್ಕ, ಶಿರಸಿ | ಜುಲೈ 9, ರಾತ್ರಿ 9:05

ತಂಗಿ, ನಿಮ್ಮ ಚಿಕ್ಕಮ್ಮನ ಮೇಲೆ ಸಿಟ್ಟಾಗಬೇಡಿ. ಆ ಮೂರು ಗಡ್ಡೆಗೆ ಕುತ್ತಿಗೆ ಇಲ್ಲ. ಡೇರೆಯ ಕಣ್ಣು ಇರುವುದು ಗಡ್ಡೆಯ ಮೈಮೇಲಲ್ಲ, ಹಳೇ ದಂಟು ಸೇರುವ ಕುತ್ತಿಗೆಯಲ್ಲಿ. ಬಟಾಟೆಯ ಹಾಗೆ ಎಲ್ಲಿಂದ ಬೇಕಾದರೂ ಮೊಳೆಯುವುದಿಲ್ಲ. ದಂಟಿನ ಚೂರು ಅಂಟಿಕೊಂಡಿರದ ಗಡ್ಡೆ ವರ್ಷಗಟ್ಟಲೆ ಗುಂಡಗೆ ಕೂತಿರುತ್ತದೆ, ಕುಡಿ ಕೊಡುವುದಿಲ್ಲ. ಅದಕ್ಕೇ ಹಂಚುವಾಗ ಕೈಯಲ್ಲಿ ಕೀಳಬಾರದು, ಚಾಕುವಿನಲ್ಲಿ ದಂಟು ಸೀಳಿ ಕೊಡಬೇಕು. ಕತ್ತರಿಸಿದ ಗಾಯಕ್ಕೆ ಬೂದಿ ಒರೆಸಿ ಒಂದು ದಿನ ನೆರಳಲ್ಲಿ ಒಣಗಿಸಬೇಕು.

ಈಗ ಹೀಗೆ ಮಾಡಿ. ಚಿಗುರಿದ 9ರಲ್ಲಿ ಎರಡು ಮೂರು ಕುಡಿ ಇದ್ದರೆ ಒಂದನ್ನು ಗೆಣ್ಣಿನ ಕೆಳಗೆ ಕತ್ತರಿಸಿ ಉಸುಕಿನಲ್ಲಿ ಊರಿ. ಮಳೆಗಾಲದಲ್ಲಿ ಎರಡು ಮೂರು ವಾರದಲ್ಲಿ ಬೇರು ಬರುತ್ತದೆ. ಸಮುದ್ರದ ಉಸುಕು ಬೇಡ, ಉಪ್ಪು.

ನಮ್ಮ ಕಡೆ ಮಳೆಗಾಲದಲ್ಲಿ ಡೇರೆಯನ್ನು ನೆಲಕ್ಕಿಂತ ಕೊಟ್ಟೆಯಲ್ಲೇ ಜಾಸ್ತಿ ಇಡುತ್ತೇವೆ. ಅಕ್ಕಿ ಬರುವ ಪ್ಲಾಸ್ಟಿಕ್ ಕೊಟ್ಟೆ, ಎಣ್ಣೆ ಡಬ್ಬ, ಒಡೆದ ಬಕೆಟ್, ಏನು ಸಿಕ್ಕರೂ ಸರಿ. ತಳಕ್ಕೆ ತೂತು, ಅದರ ಮೇಲೆ ಒಂದು ಹಿಡಿ ಅಡಿಕೆ ಸಿಪ್ಪೆ, ಆಮೇಲೆ ಕಾಡಮಣ್ಣು ಮತ್ತು ಕಳಿತ ಗೊಬ್ಬರ. ಮಾಡಿನ ನೀರು ನೇರ ಬೀಳದ ಹಾಗೆ, ಆದರೆ ಬೆಳಕು ಸಿಗುವ ಹಾಗೆ ಜಗುಲಿಯ ಅಂಚಿಗೆ ಸಾಲಾಗಿ ಇಡುತ್ತೇವೆ. ನಾಲ್ಕು ಜೊತೆ ಎಲೆ ಬಂದ ಮೇಲೆ ತುದಿ ಚಿವುಟಿ. ಕೋಲು ಕೊಡಿ. ಕೋಲನ್ನು ನೆಡುವಾಗಲೇ ಕೊಡಬೇಕು, ಆಮೇಲೆ ಚುಚ್ಚಿದರೆ ಗಡ್ಡೆಗೇ ತೂತು. ಆ ತೂತಿನಿಂದಲೇ ಕೊಳೆ ಶುರು.

ಮಳೆ ನಿಂತು ದಂಟು ಒಣಗುವವರೆಗೆ ಅಗೆಯಬೇಡಿ. ನಮ್ಮಲ್ಲಿ ಡಿಸೆಂಬರ್ ಆಗುತ್ತದೆ. ತೆಗೆದ ಗಡ್ಡೆಯನ್ನು ಒಣ ಬೂದಿಯಲ್ಲಿ ಹೊರಳಿಸಿ, ಬುಟ್ಟಿಯಲ್ಲಿ ಒಣ ಮಣ್ಣು ಹಾಕಿ ಬಚ್ಚಲ ಒಲೆಯ ಮೇಲಿನ ಅಟ್ಟದಲ್ಲಿ ಇಡುತ್ತೇನೆ. ಹೊಗೆಗೆ ಹುಳ ಬರುವುದಿಲ್ಲ. ಪ್ರತಿ ಗಂಟಿಗೂ ಬಣ್ಣ ಬರೆದ ಚೀಟಿ. ನನ್ನ ಹತ್ತಿರ 23 ಬಣ್ಣ ಇದೆ. ಅದರಲ್ಲಿ ಏಳು ಕೇಳಿ ತಂದದ್ದು, ಉಳಿದದ್ದನ್ನು ಹೇಗೆ ತಂದೆ ಅಂತ ಕೇಳಬೇಡಿ. ಕದ್ದ ಗಿಡ ಚೆನ್ನಾಗಿ ಬರುತ್ತದೆ ಅಂತ ನಮ್ಮಲ್ಲಿ ಹೇಳುತ್ತಾರೆ.

ಮಾಸ್ತರು, ಕುಮಟಾ | ಜುಲೈ 10, ಬೆಳಿಗ್ಗೆ 7:12

ಅಟ್ಟ ಇಲ್ಲದ ಮನೆಯವರು ನಮ್ಮ ಕುಮಟಾದ ಸಿಹಿ ಈರುಳ್ಳಿಯವರನ್ನು ನೋಡಿ ಕಲಿಯಬಹುದು. ಅಳ್ವೆಕೋಡಿ, ಹಂದಿಗೋಣದ ಹತ್ತಿರ ಹೆದ್ದಾರಿ ಬದಿಗೆ ಗೊಂಚಲು ಕಟ್ಟಿ ತೂಗುಹಾಕುತ್ತಾರಲ್ಲ? ಗಾಳಿಯಾಡುತ್ತದೆ, ನೆಲದ ತೇವ ತಾಗುವುದಿಲ್ಲ, ಇಲಿಗೂ ಎಟುಕುವುದಿಲ್ಲ. ನಾನು ಗ್ಲಾಡಿಯೋಲಸ್ ಗಡ್ಡೆಯನ್ನು ಹಳೇ ಸೊಳ್ಳೆಪರದೆಯ ಚೀಲದಲ್ಲಿ ಹಾಗೇ ತೂಗುಹಾಕುತ್ತೇನೆ. ಅದರ ಹಳೇ ಗಡ್ಡೆ ಅಡಿಯಲ್ಲಿ ಒಣಗಿ ಅಂಟಿಕೊಂಡಿರುತ್ತದೆ, ಅದನ್ನು ಮುರಿದು ಬಿಸಾಡಬೇಕು. ಗ್ಲಾಡಿಯೋಲಸ್ ಮಳೆಗಾಲದ್ದಲ್ಲ. ಅಕ್ಟೋಬರ್ ಮೇಲೆ ನೆಡಿ.

ಕೋಡಿಬಾಗದ ಅಂಗಳ | ಜುಲೈ 10, ಬೆಳಿಗ್ಗೆ 9:00

ಹಾಗಾದರೆ ಸುಗಂಧರಾಜ ಬಿಟ್ಟೇ ಬಿಡಲಾ? ಅದರ ಆಸೆಗೇ ಇಷ್ಟೆಲ್ಲ ಶುರು ಮಾಡಿದ್ದು.

ತೋಟಗಾರಿಕೆ ವಿದ್ಯಾರ್ಥಿ | ಜುಲೈ 10, ಮಧ್ಯಾಹ್ನ 2:15

ಬಿಡಬೇಡಿ ಅಕ್ಕ. ಜಾಗ ಬದಲಿಸಿ. ಒಂದು ಅಡಿ ಎತ್ತರದ ಮಡಿ ಮಾಡಿ, ಇಲ್ಲವೇ ತಾರಸಿಗೆ ಒಯ್ಯಿರಿ. ಒಂದೂವರೆಯಿಂದ ಮೂರು ಸೆಂಟಿಮೀಟರ್ ದಪ್ಪದ ಗಡ್ಡೆ ಆರಿಸಿ, ಐದಾರು ಸೆಂಟಿಮೀಟರ್ ಆಳಕ್ಕೆ ನೆಡಿ. ನೆಡುವ ಮೊದಲು ಕಾಪರ್ ಆಕ್ಸಿಕ್ಲೋರೈಡ್ ಲೀಟರಿಗೆ 3 ಗ್ರಾಂ ಕಲಸಿದ ನೀರಲ್ಲಿ ಅರ್ಧ ಗಂಟೆ ಅದ್ದಿ ಒಣಗಿಸಿ. ಅಡಿಕೆ ಕೊಳೆಗೆ ಹೊಡೆಯುವ ಬೋರ್ಡೋ ದ್ರಾವಣದ ತಮ್ಮ ಅಂದುಕೊಳ್ಳಿ, ಎರಡರಲ್ಲೂ ಇರುವುದು ತಾಮ್ರವೇ. ಫೆಬ್ರವರಿಯಲ್ಲಿ ನೆಟ್ಟರೆ ಜೋರು ಮಳೆಗೆ ಮೊದಲೇ ಒಂದು ಸುತ್ತು ಹೂವು ಸಿಗುತ್ತದೆ. ಗಡ್ಡೆ ನೆಟ್ಟ ಮೂರು ತಿಂಗಳಿಗೆ ಕಡ್ಡಿ ಏಳುತ್ತದೆ.

ತಳಿ ಕೇಳಿ ತನ್ನಿ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಶೃಂಗಾರ್ ತಳಿ ಬೇರು ಗಂಟು ಕಟ್ಟಿಸುವ ಜಂತುಹುಳುವನ್ನು ತಡೆದುಕೊಳ್ಳುತ್ತದೆ. ಉಸುಕು ಮಣ್ಣಿನಲ್ಲಿ ಆ ಕಾಟ ಜಾಸ್ತಿ. ಪ್ರಜ್ವಲ್ ಕೂಡ ಅಲ್ಲಿಯದೇ, ಮೊಗ್ಗಿಗೆ ಸ್ವಲ್ಪ ಗುಲಾಬಿ ಛಾಯೆ ಇರುತ್ತದೆ. ಒಮ್ಮೆ ಹೂವು ಕೊಟ್ಟ ತಾಯಿ ಗಡ್ಡೆ ಮತ್ತೆ ಹೂವು ಕೊಡುವುದಿಲ್ಲ. ಸುತ್ತಲಿನ ಮರಿಗಳು ಕೊಡುತ್ತವೆ.

ಹೊನ್ನಾವರ ಹೊಯ್ಗೆ | ಜುಲೈ 10, ಸಂಜೆ 6:40

ತಾರಸಿಗೆ ಅಂದರೆ ಕುಂಡಕ್ಕೆ ದುಡ್ಡು ಹಾಕಬೇಡಿ. ಬಂದರಿನಲ್ಲಿ ಮೀನಿನ ಥರ್ಮೋಕೋಲ್ ಪೆಟ್ಟಿಗೆ ಸಿಗುತ್ತದಲ್ಲ. ತಳಕ್ಕೆ ಹತ್ತು ತೂತು, ಕೆಳಗೆ ನಾಲ್ಕು ಇಟ್ಟಿಗೆ. ಬೇಸಿಗೆಯಲ್ಲಿ ಬೇರು ಕಾಯುವುದಿಲ್ಲ. ಮೀನಿನ ವಾಸನೆ ಹೋಗಲು ಒಂದು ವಾರ ಬಿಸಿಲಿಗಿಡಿ. ಇಲ್ಲದಿದ್ದರೆ ಬೆಕ್ಕು ಬಂದು ಗಡ್ಡೆ ಅಗೆಯುತ್ತದೆ. ಆಗ ಇಲ್ಲಿ ಇನ್ನೊಂದು ಚರ್ಚೆ ಶುರು ಮಾಡಬೇಕು.

ಕೋಡಿಬಾಗದ ಅಂಗಳ | ಸೆಪ್ಟೆಂಬರ್ 12, ಬೆಳಿಗ್ಗೆ 8:25

ಎಂಟು ಡೇರೆ ಹೂಬಿಟ್ಟಿವೆ. ಒಂದು ತಟ್ಟೆಯಷ್ಟು ದೊಡ್ಡದು, ನೇರಳೆಗೆ ಬಿಳಿ ತುದಿ. ಮನೆಯವರು ಅದರ ಪಕ್ಕ ನಿಂತು ಫೋಟೋ ತೆಗೆಸಿಕೊಂಡು ಎಲ್ಲರಿಗೂ ಕಳಿಸಿದ್ದಾರೆ, ತಾವೇ ಬೆಳೆಸಿದ ಹಾಗೆ. ಸುಗಂಧರಾಜ ಕೊನೆಗೆ ಉಳಿದದ್ದು 6. ಎರಡು ಕಡ್ಡಿ ಬಂತು. ಅಮರಿಲ್ಲಿಸ್ ಎಲ್ಲ ಚಿಗುರಿವೆ. ಮೂರು ಮೀನಿನ ಪೆಟ್ಟಿಗೆ ತಾರಸಿ ಮೇಲೆ ಒಣಗುತ್ತಿವೆ. ಬೆಕ್ಕು ಈಗಾಗಲೇ ಬಂದು ನೋಡಿ ಹೋಗಿದೆ.

ಡೇರೆ ಅಕ್ಕ, ನಿಮ್ಮ 23ರಲ್ಲಿ ಹಳದಿ ಇದೆಯಾ?

ಡೇರೆ ಅಕ್ಕ, ಶಿರಸಿ | ಸೆಪ್ಟೆಂಬರ್ 12, ಬೆಳಿಗ್ಗೆ 9:10

ಎರಡು ತರಹದ ಹಳದಿ ಇದೆ. ಡಿಸೆಂಬರ್ ಕಳೆಯಲಿ, ಕಾರವಾರದ ಬಸ್ಸಿಗೆ ಕಳಿಸುತ್ತೇನೆ. ಕುತ್ತಿಗೆ ಸಮೇತ.

ಡೇರೆ ಅಕ್ಕ, ಶಿರಸಿ | ಜನವರಿ 6, ಸಂಜೆ 4:50

ಕೋಡಿಬಾಗದ ತಂಗಿ, ನಿಮ್ಮ ಪೊಟ್ಟಣ ನಾಳೆ ಬೆಳಗಿನ ಬಸ್ಸಿನಲ್ಲಿ ಬರುತ್ತದೆ. ಹತ್ತು ಗಡ್ಡೆ ಇವೆ. ಒಂದು ವಿಷಯ. ಈ ಸಲ ಮೊಮ್ಮಗಳು ಚೀಟಿಗಳನ್ನು ಮೈದಾ ಅಂಟಿನಲ್ಲಿ ಅಂಟಿಸಿದ್ದಳು. ಅಟ್ಟಕ್ಕೆ ಇಲಿ ಬಂದಿತ್ತು. ಗಡ್ಡೆ ಒಂದೂ ಮುಟ್ಟಿಲ್ಲ, 23 ಚೀಟಿಯನ್ನೂ ತಿಂದು ಹೋಗಿದೆ. ಹಳದಿ ಎಂದು ನನಗೆ ಅನ್ನಿಸಿದ್ದನ್ನು ಹಾಕಿದ್ದೇನೆ. ಹೂವು ಬಿಟ್ಟ ಮೇಲೆ ಯಾವುದು ಯಾವುದು ಅಂತ ನನಗೂ ಬರೆದು ತಿಳಿಸಿ.